ಬನಾವೆ ಸೀಮೆಯ ಸೋಪಾನಗದ್ದೆಗಳು

ಫಿಲಿಪ್ಪೀನ್ಸ್ ದೇಶದ ಲುಜಾನ್ ದ್ವೀಪದ ಉತ್ತರಭಾಗದಲ್ಲಿ ಕಾರ್ಡಿಲೆರಾ ಎಂಬ ಪರ್ವತಶ್ರೇಣಿಯಿರುವುದು. ಅದರ ನಡುವಣ ಇಫುಗಾವೊ ಪ್ರಾಂತ್ಯಕ್ಕೆ ಸೇರಿದ ಬನಾವೆ ಎಂಬ ಸಣ್ಣ ಪಟ್ಟಣವು ತನ್ನ ಸುತ್ತಣ ಸೋಪಾನಗದ್ದೆಗಳಿಂದಲೂ, ಇಫುಗಾವೊ ಜನರ ಹಳ್ಳಿಗಳಿಂದಲೂ ಲೋಕಪ್ರಸಿದ್ಧವಾಗಿದೆ. ರಾಜಧಾನಿಯಾದ ಮನಿಲಾದಿಂದ ರಾತ್ರಿಯ ಬಸ್ಸಿನಲ್ಲಿ ಹೊರಟರೆ ಬೆಳಗಿನ ಹೊತ್ತಿಗೆ ಅಲ್ಲಿಗೆ ತಲಪಬಹುದು. ಜುಲೈ ತಿಂಗಳಲ್ಲಿ, ಕೊಯ್ಲು ನಡೆಯುತ್ತಿದ್ದಾಗ, ಈ ಸೀಮೆಯನ್ನು ನೋಡುವ ಅವಕಾಶವು ನನಗೆ ದೊರೆಯಿತು. ಅಲ್ಲಿಯ ಚೆಲುವನ್ನು ವರ್ಣಿಸಿದವರು ಬಹುಮಂದಿ. ಬೇಸಾಯದ ದೃಷ್ಟಿಯಿಂದ ಕಂಡ ಕೆಲವು ಸಂಗತಿಗಳನ್ನು ಮಾತ್ರ ಇಲ್ಲಿ ವಾಚಕರ ಮುಂದಿಡುವೆನು.

ಗದ್ದೆಗಳ ರಚನೆ.— ಈ ಗದ್ದೆಗಳು ಸಮುದ್ರಮಟ್ಟದಿಂದ ಸುಮಾರು 700 ಮೀಟರಿನಿಂದ 1,500 ಮೀಟರಿನವರೆಗೆ, ಕಡಿದಾದ ಇಳಿಜಾರುಗಳಲ್ಲಿ, ಒಂದರ ಮೇಲೊಂದು ಏರಿವೆ. ಕಲ್ಲು ದೊರೆಯುವಲ್ಲಿ ಕಲ್ಲಿನಿಂದಲೂ, ದೊರೆಯದಲ್ಲಿ ಜೇಡಿಮಣ್ಣಿನಿಂದಲೂ ಗೋಡೆ ಕಟ್ಟಿ, ಅದರ ಹಿಂದೆ ಮಣ್ಣು ತುಂಬಿ ಮಟ್ಟಮಾಡಿರುವರು. ಬನಾವೆಗೆ ಸೇರಿದ ಬಟಾಡ್ ಗ್ರಾಮಕ್ಕೆ ಹೋಗಲು ರಸ್ತೆ ಮುಗಿದಲ್ಲಿಂದ ಕಾಲ್ನಡಿಗೆಯಲ್ಲಿ ಇಳಿಯಬೇಕು. ಅಲ್ಲಿ ಗದ್ದೆಗಳು ಬೆಟ್ಟದ ಮಡಿಲನ್ನು ಅರ್ಧವರ್ತುಲಾಕಾರವಾಗಿ ಸುತ್ತಿಕೊಂಡಿವೆ. ಹಳ್ಳಿಯು ಅವುಗಳ ಬುಡದಲ್ಲಿದೆ. ಬಟಾಡ್, ಬಂಗಾನ್, ಮಯೋಯಾವೊ, ಹುಂಗ್ಡುವಾನ್, ನಾಗಕಡಾನ್ ಎಂಬ ಐದು ಕಡೆಯ ಗದ್ದೆಗಳನ್ನು 1995ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇವು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ಬಹುಕಾಲ ನಂಬಿಕೆಯಿತ್ತು. ಸ್ಟೀಫನ್ ಅಕಬಾಡೊ ಎಂಬ ಪ್ರಾಕ್ತನಶಾಸ್ತ್ರಜ್ಞರೂ ಅವರ ಸಂಗಡಿಗರೂ ನಡೆಸಿದ ಉತ್ಖನನಗಳ ಫಲವಾಗಿ, ಇಲ್ಲಿ ನೀರುಗದ್ದೆಯ ಭತ್ತವು ಹರಡಿದ್ದು 17ನೆಯ ಶತಮಾನದಲ್ಲಿ, ಸ್ಪೇನಿನವರ ಆಕ್ರಮಣಕ್ಕೆ ಮಣಿಯದೆ ಜನರು ಮಲೆಯ ಒಳಕ್ಕೆ ಸರಿದ ಕಾಲದಲ್ಲಿ, ಎಂಬ ಅಭಿಪ್ರಾಯವು ಈಗ ಬಲಗೊಂಡಿದೆ. ಇದರಿಂದ ಆ ಜನರ ಕೀರ್ತಿಗೆ ಕುಂದಿಲ್ಲ. ಕೆಲವೇ ತಲೆಮಾರುಗಳಲ್ಲಿ ಇಷ್ಟು ಕೆಲಸ ನಡೆಯಿತೆಂದರೆ ಅವರ ಒಗ್ಗಟ್ಟು ಎಷ್ಟಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ನೀರಿನ ಮೂಲ.— ಇಷ್ಟು ಗದ್ದೆಗಳಿಗೆ ನೀರೆಲ್ಲಿಂದ ಬರುವುದೆಂದು ನೋಡಹೋದರೆ, ದೃಷ್ಟಿಯು ಗದ್ದೆಗಳ ಮೇಲಣ ಕಾಡಿಗೆ ಹೋಗುವುದು. ಇದನ್ನು ಅಲ್ಲಿಯವರು ಮುಯೋಂಗ್ ಎನ್ನುವರು. ಇದು ಸರ್ಕಾರದ ಕಾಡಲ್ಲ. ಕುಟುಂಬಗಳು ತಾವೇ ಬೆಳೆಸಿ, ಸವರಿ, ಕಾಪಾಡಿಕೊಂಡು ಬಂದಿರುವ ಕಾಡು. ಸೌದೆ, ಮನೆಯ ಮರ, ಬೆತ್ತಗಳು ಇದರಿಂದ ದೊರೆಯುವುವು. ಮಳೆಯ ನೀರು ಇದರ ನೆಲದಲ್ಲಿ ಇಂಗಿ, ಒರತೆಯಾಗಿ ಇಳಿದು, ಕಾಲುವೆಗಳ ಮೂಲಕ ಗದ್ದೆಯಿಂದ ಗದ್ದೆಗೆ ಹಾಯುವುದು. ಗದ್ದೆಯೂ ಕಾಡೂ ಸಾಮಾನ್ಯವಾಗಿ ಹಿರಿಯ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಸಲ್ಲುವ ಪದ್ಧತಿಯಿದೆ. ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟವು ಎಂತಹ ಆಸರೆಯೆಂಬುದನ್ನು ಬಲ್ಲ ನಮ್ಮ ಮಲೆನಾಡಿನ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೆಳೆ ಮತ್ತು ಗೊಬ್ಬರ.— ಇಲ್ಲಿಯ ನಾಡತಳಿಗಳಿಗೆ ತಿನವೊನ್ ಎಂದು ಹೆಸರು. ವರ್ಷಕ್ಕೊಂದು ಬೆಳೆ ಎಂಬುದೇ ಆ ಮಾತಿನ ಭಾವ. ವರ್ಷದ ಕೊನೆಯಲ್ಲಿ ಸಸಿಮಡಿ ಮಾಡಿ, ಜನವರಿ ಫೆಬ್ರವರಿಗಳ ಸುಮಾರಿಗೆ ನಾಟಿಮಾಡಿ, ಜೂನ್ ಜುಲೈಗಳಲ್ಲಿ ಕೊಯ್ಯುವರು. ಕುಡುಗೋಲನ್ನು ಬಳಸದೆ ಸಣ್ಣ ಕೈಚೂರಿಯಿಂದ ತೆನೆತೆನೆಯಾಗಿ ಕತ್ತರಿಸಿ ಕಟ್ಟು ಕಟ್ಟುವರು. ಹುಲ್ಲು ಗದ್ದೆಯಲ್ಲಿಯೇ ಉಳಿಯುವುದು. ಅದನ್ನೂ, ಗೋಡೆಗಳಿಂದ ಕಿತ್ತ ಕಳೆಯನ್ನೂ ಕೆಸರಿನಲ್ಲಿ ತುಳಿದು ಕೊಳೆಯಿಸುವರು. ಕೆಲವರು ಅವನ್ನು ಗುಡ್ಡೆಹಾಕಿ ಅದರ ಮೇಲೆ ತರಕಾರಿ ಬೆಳೆಯುವುದೂ ಉಂಟು. ಕೊಯ್ಲಾದ ಮೇಲೆಯೂ ಗದ್ದೆಯಲ್ಲಿ ನೀರು ನಿಲ್ಲಿಸುವರು, ಒಣಗಲು ಬಿಡುವುದಿಲ್ಲ. ಕೊಯ್ಲಿನ ವೇಳೆ ಹೆಂಗಸರು ಹಾಡುವ ಹುಡ್‌ಹುಡ್ ಎಂಬ ದೀರ್ಘವಾದ ಕಥನಗೀತೆಗೂ ಯುನೆಸ್ಕೋ ಸಂಸ್ಥೆಯ ಮನ್ನಣೆ 2001ರಲ್ಲಿ ದೊರೆತಿದೆ.

ಪೀಡೆಗಳು.— 1980ರ ದಶಕದಲ್ಲಿ, ಆಹಾರಕ್ಕೂ ಆದಾಯಕ್ಕೂ ಒದಗುವುದೆಂಬ ಸದುದ್ದೇಶದಿಂದ, ದಕ್ಷಿಣ ಅಮೆರಿಕೆಯ ಮೂಲದ ಹೊಂಬಣ್ಣದ ಬಸವನಹುಳುವನ್ನು ಆ ದೇಶಕ್ಕೆ ತಂದರು. ಅದು ಗದ್ದೆಗಳಿಗೆ ನುಗ್ಗಿ ಎಳೆಯ ಪೈರನ್ನು ತಿನ್ನತೊಡಗಿತು. ಸದಾ ನೀರು ನಿಂತಿರುವ ಗದ್ದೆ ಅದಕ್ಕೆ ಹೇಳಿಮಾಡಿಸಿದ ಮನೆ. ಅದನ್ನು ಕೈಯಿಂದ ಆರಿಸುವುದು, ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲುಗಳನ್ನು ಹೊಸಕುವುದು, ನೀರು ಒಳಬರುವ ಬಾಯಿಗೆ ಜಾಲರಿ ಕಟ್ಟುವುದು, ಬಲಿತ ಸಸಿಗಳನ್ನು ನೆಡುವುದು, ನಾಟಿಯ ಬಳಿಕ ಕೆಲವು ದಿನ ನೀರನ್ನು ತೆಳುವಾಗಿ ನಿಲ್ಲಿಸುವುದು: ಇವೇ ತಕ್ಕ ಉಪಾಯಗಳು. ವಿಷ ಹಾಕಿದರೆ ಗದ್ದೆಯ ಮೀನೂ ನಾಡಿನ ಬಸವನಹುಳುವೂ ಸಾಯುವುವು. ಇದಲ್ಲದೆ ದೊಡ್ಡ ಜಾತಿಯ ಎರೆಹುಳುಗಳು ಗೋಡೆಗಳಲ್ಲಿ ಬಿಲ ಕೊರೆದು ನೀರು ಸೋರುವಂತೆ ಮಾಡುವುವೆಂದು ರೈತರು ದೂರುವರು. ಹೊಸ ಪ್ರಾಣಿಯನ್ನಾಗಲಿ ಹೊಸ ಬೆಳೆಯನ್ನಾಗಲಿ ರೈತನ ಕೈಗೆ ಕೊಡುವ ಮುನ್ನ ಎಷ್ಟು ಸಲ ಯೋಚಿಸಬೇಕೆಂಬುದು ನನ್ನಂತಹ ಇಲಾಖೆಯ ನೌಕರರು ಇಲ್ಲಿಂದ ಕಲಿಯತಕ್ಕ ಪಾಠ.

ಕುಸಿದ ಗೋಡೆ.— ಬಟಾಡಿನಲ್ಲಿ ಒಂದೆಡೆ ಮೇಲುಗದ್ದೆಯ ಗೋಡೆಯು ಕುಸಿದು, ಕಲ್ಲುಮಣ್ಣು ಕೆಳಗಿನ ಎರಡು ಗದ್ದೆಗಳಿಗೆ ಬಿದ್ದಿತ್ತು. ಕೆಳಗದ್ದೆಯ ಒಡತಿಯಾದ ಮುದುಕಿಯೊಬ್ಬಳು ಉಳಿದ ಪೈರನ್ನು ಕೊಯ್ಯುತ್ತಿದ್ದಳು. ದಾರಿ ತೋರಲು ಬಂದಿದ್ದ ಯುವಕನ ಮೂಲಕ ಕಾರಣವನ್ನು ಕೇಳಿದೆನು. ಮೇಲುಗದ್ದೆಯವನ ಮಕ್ಕಳು ಊರು ಬಿಟ್ಟರು. ಎರಡು ವರ್ಷ ನೀರು ಕಟ್ಟಲಿಲ್ಲ. ಮಣ್ಣು ಒಣಗಿ ಬಿರಿಯಿತು. ಬಿರುಕಿಗೆ ಬಿರುಗಾಳಿಯ ಮಳೆ ಇಳಿದು ಗೋಡೆಯನ್ನು ತಳ್ಳಿತು. “ಅವನ ಗದ್ದೆ ಒಣಗಿತು, ನನ್ನದು ಹೂತಿತು” ಎಂದಳು. ಆ ಗೋಡೆಯನ್ನು ಕಟ್ಟುವವರು ಯಾರೆಂದು ಕೇಳಲು, ತಾನೂ ನೆರೆಯವರೂ ಮುಯ್ಯಾಳಿನ ಲೆಕ್ಕದಲ್ಲಿ ಕಟ್ಟುವೆವೆಂದಳು. ಅವಳ ಮಗನು ಪ್ರವಾಸಿಗಳ ಹೊರೆ ಹೊತ್ತು ದಿನಗೂಲಿ ಸಂಪಾದಿಸುವನು. ಅವನು ಬೇಸಾಯಕ್ಕೆ ಮರಳುವನೇ ಎಂದಾಗ, “ಕಲ್ಲು ಹೊರಲು ಬರುತ್ತೇನೆಂದಿದ್ದಾನೆ. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಿಲ್ಲ” ಎಂದು ಮತ್ತೆ ಕೊಯ್ಲಿಗೆ ಬಾಗಿದಳು.

ಮಗನನ್ನು ದೂರುವಂತಿಲ್ಲ. ಈ ಗದ್ದೆಯ ಭತ್ತವು ಅನೇಕ ಕುಟುಂಬಗಳ ವರ್ಷದ ಊಟಕ್ಕೇ ಸಾಲದು. ಬನಾವೆಯ ಗದ್ದೆಗಳ ಚಿತ್ರವನ್ನು 2010ರಿಂದ ಅಚ್ಚಾದ 20 ಪೆಸೊ ನೋಟಿನ ಹಿಂಬದಿಯಲ್ಲಿ ಕಾಣಬಹುದು. ಆದರೆ ನೋಡಬರುವವರ ಹಣವು ಗೋಡೆ ಕಟ್ಟುವವರ ಕೈಗೆ ತಾನಾಗಿ ಬಂದು ಸೇರುವುದಿಲ್ಲ. ಪ್ರವಾಸಿಗಳಿಗೆ ಮಾರುವ ಮರದ ಬೊಂಬೆಗಳಿಗಾಗಿ ಮೇಲಣ ಕಾಡಿನ ಮರಗಳು ಉರುಳಿದ್ದೂ ಉಂಟು. ಪಾಳುಬಿದ್ದ ಗದ್ದೆಗಳು ಹೆಚ್ಚಿದುದರಿಂದ 2001ರಲ್ಲಿ ಈ ಸೀಮೆಯನ್ನು ಅಪಾಯಕ್ಕೆ ಸಿಲುಕಿದ ಪರಂಪರೆಯ ಪಟ್ಟಿಗೆ ಸೇರಿಸಿದರು. ದುರಸ್ತಿಯ ಕೆಲಸಗಳು ನಡೆದ ಬಳಿಕ 2012ರಲ್ಲಿ ಅದರಿಂದ ತೆಗೆದರು.

ಉಪಸಂಹಾರ.— ಕಲ್ಲಿನ ಗೋಡೆ ತನ್ನ ಬಲದಿಂದಲೇ ನಿಂತಿದೆಯೆಂದು ದೂರದಿಂದ ನೋಡುವವನಿಗೆ ತೋರುವುದು. ಹತ್ತಿರ ಹೋದರೆ, ಮೇಲೆ ಕಾಡು, ಗದ್ದೆಯಲ್ಲಿ ನೀರು, ವರ್ಷವರ್ಷವೂ ಕಲ್ಲು ಹೊರುವ ಜನ, ಈ ಮೂರರಲ್ಲಿ ಒಂದು ತಪ್ಪಿದರೂ ಅದು ನಿಲ್ಲದೆಂಬುದು ತಿಳಿಯುವುದು. ಇಳಿಜಾರಿನ ಭೂಮಿಯಲ್ಲಿ ಒಬ್ಬನ ಪಾಳು ಒಬ್ಬನದಾಗಿಯೇ ಉಳಿಯುವುದಿಲ್ಲ. ಬೆಟ್ಟದ ಓರೆಯಲ್ಲಿ ಗದ್ದೆಯುಳ್ಳ ನಮ್ಮ ರೈತಬಾಂಧವರು ಮಳೆಗಾಲಕ್ಕೆ ಮುನ್ನ ತಮ್ಮ ಬದುಗಳನ್ನಷ್ಟೇ ಅಲ್ಲದೆ, ಮೇಲಿನ ಗದ್ದೆಯ ಬದುವನ್ನೂ ಒಮ್ಮೆ ನೋಡಿಬರುವುದು ಒಳ್ಳೆಯದು. ಅದರ ಒಡೆಯನು ಊರಿನಲ್ಲಿಲ್ಲದಿದ್ದರೆ, ಆ ಮುದುಕಿ ಮಾಡಿದಂತೆ, ನೆರೆಯವರೊಡನೆ ಕೂಡಿ ಎರಡು ದಿನ ಕೈಹಾಕಿದರೂ ನಷ್ಟವಿಲ್ಲ.