ಮದುವೆ ಫೋಟೋ ತಿದ್ದುವಾಗ ಬಣ್ಣ ಎಷ್ಟು ಬದಲಿಸಬೇಕು, ಎಲ್ಲಿ ಕತ್ತರಿಸಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮದುವೆ ಮುಗಿದು ಸ್ವಲ್ಪ ದಿನಕ್ಕೆ ಫೋಟೋಗ್ರಾಫರ್ ಕಡೆಯಿಂದ ಪೆನ್‌ಡ್ರೈವೋ ಲಿಂಕೋ ಬರುತ್ತೆ. ಸಾವಿರಾರು ಚಿತ್ರ. ಆಲ್ಬಮ್‌ಗೆ ಆರಿಸಬೇಕು, ಗೋಡೆಗೆ ಒಂದು ದೊಡ್ಡದು ಬೇಕು. ಆಗ ಮನೆಯವರು ಎರಡು ಮಾತು ಹೇಳ್ತಾರೆ: "ಸ್ವಲ್ಪ ಕಲರ್ ಸರಿ ಮಾಡಿ", "ಪಕ್ಕದ್ದೆಲ್ಲ ಕಟ್ ಮಾಡಿ". ಮದುವೆ ಫೋಟೋ ತೆಗೆಯೋದು, ಅದಕ್ಕಿಂತ ಹೆಚ್ಚು ಹೊತ್ತು ಕಂಪ್ಯೂಟರ್ ಮುಂದೆ ಕೂತು ತಿದ್ದೋದು ನನ್ನ ಕೆಲಸ. ಆ ಎರಡು ಮಾತಿನ ಒಳಗೆ ಏನೇನಿದೆ ಅಂತ ಇವತ್ತು ಹೇಳ್ತೀನಿ. ನೀವು ಮೊಬೈಲಲ್ಲೇ ತಿದ್ದುವವರಾದರೂ ಸರಿ, ಸ್ಟುಡಿಯೋಗೆ ಕೊಡುವವರಾದರೂ ಸರಿ.

ಮೊದಲು ಬೆಳಕು

ಛತ್ರದೊಳಗೆ ಒಂದೇ ಥರದ ಬೆಳಕು ಇರೋದಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳ್ತೀವಿ. ಹಗಲಿನ ಬೆಳಕು ಸುಮಾರು 5500, ಹಳೇ ಹಳದಿ ಬಲ್ಬು 2700ರಿಂದ 3200. ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಿದಷ್ಟೂ ನೀಲಿ. ನಮ್ಮ ಕಣ್ಣು ಇದಕ್ಕೆ ಹೊಂದಿಕೊಂಡುಬಿಡುತ್ತೆ, ಕ್ಯಾಮೆರಾ ಅಷ್ಟು ಚೆನ್ನಾಗಿ ಹೊಂದಿಕೊಳ್ಳೋದಿಲ್ಲ. ಹಾಗಾಗಿ ಕಿಟಕಿ ಕಡೆಯ ಕೆನ್ನೆ ನೀಲಿ, ದೀಪದ ಕಡೆಯ ಕೆನ್ನೆ ಹಳದಿ.

ಇದನ್ನು ಸರಿಪಡಿಸೋದೇ ವೈಟ್ ಬ್ಯಾಲೆನ್ಸ್. ಚಿತ್ರದಲ್ಲಿ ಯಾವುದು ನಿಜವಾಗಿ ಬೂದು ಅಥವಾ ಬಿಳಿ ಅಂತ ಸಾಫ್ಟ್‌ವೇರ್‌ಗೆ ತೋರಿಸಿದರೆ, ಉಳಿದ ಬಣ್ಣಗಳನ್ನು ಅದು ಅದಕ್ಕೆ ತಕ್ಕಂತೆ ಸರಿಸುತ್ತೆ. ಇಲ್ಲೊಂದು ಎಚ್ಚರಿಕೆ. ವರನ ರೇಷ್ಮೆ ಪಂಚೆಯನ್ನು ಬಿಳಿ ಅಂತ ತೋರಿಸಬೇಡಿ. ಅದು ಕೆನೆ ಬಣ್ಣ. ಅದನ್ನೇ ಬಿಳಿ ಅಂದುಕೊಂಡರೆ ಸಾಫ್ಟ್‌ವೇರ್ ಇಡೀ ಚಿತ್ರಕ್ಕೆ ನೀಲಿ ಬೆರೆಸುತ್ತೆ, ಎಲ್ಲರ ಮುಖವೂ ಕಳೆಗುಂದುತ್ತೆ. ಶಾಸ್ತ್ರ ಶುರುವಾಗೋ ಮುಂಚೆ ಮಂಟಪದಲ್ಲಿ ಒಂದು ಗ್ರೇ ಕಾರ್ಡ್ ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಂಡರೆ ಈ ಗೊಂದಲ ಇರೋದಿಲ್ಲ.

ಅರಿಶಿನ ಶಾಸ್ತ್ರದ ಚಿತ್ರಗಳಿಗೆ 'ಆಟೋ' ಬಟನ್ ಒತ್ತುವಾಗಲೂ ಹುಷಾರು. ಅಲ್ಲಿರೋ ಹಳದಿ ಬೆಳಕಿನದ್ದಲ್ಲ, ಅರಿಶಿನದ್ದೇ. ಆಟೋಗೆ ಅದು ಗೊತ್ತಾಗೋದಿಲ್ಲ, ಅರಿಶಿನವನ್ನೇ ತೊಳೆದು ಹಾಕುತ್ತೆ.

ಇನ್ನು ಆರತಕ್ಷತೆಯ ವೇದಿಕೆಯ ಗುಲಾಬಿ, ನೇರಳೆ ಎಲ್‌ಇಡಿ. ಆ ಬೆಳಕಲ್ಲಿ ಕೆಲವು ಬಣ್ಣಗಳೇ ಇರೋದಿಲ್ಲ. ಇಲ್ಲದ ಬಣ್ಣವನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲಾರದು. ಅಂಥ ಚಿತ್ರವನ್ನು ಕಪ್ಪು-ಬಿಳುಪು ಮಾಡಿದರೆ ಎಷ್ಟೋ ವಾಸಿ.

ಕೆಂಪು ಸೀರೆಗೆ ಒಂದು ಮಾತು. ಕೆಂಪು ಹೆಚ್ಚಾದರೆ ರೇಷ್ಮೆಯ ಮಡಿಕೆಗಳೆಲ್ಲ ಕಳೆದುಹೋಗಿ ಒಂದೇ ಗುಡ್ಡೆಯಾಗಿ ಕಾಣುತ್ತೆ. ಕೆಂಪಿನ ತೀವ್ರತೆಯನ್ನು ಸ್ವಲ್ಪ ಇಳಿಸಿ ನೋಡಿ, ನೆರಿಗೆ ಮತ್ತೆ ಕಾಣಿಸುತ್ತೆ.

"ಹುಡುಗಿನ ಸ್ವಲ್ಪ ಬೆಳ್ಳಗೆ ಮಾಡಿ"

ಈ ಮಾತು ನಮ್ಮ ಕೆಲಸದಲ್ಲಿ ತುಂಬಾ ಕೇಳುತ್ತೆ. ಹೇಳೋರು ಹೆಚ್ಚಾಗಿ ಮದುಮಗಳಲ್ಲ, ಸುತ್ತಲಿನವರು.

ಇದನ್ನು ಮಾಡೋದು ಸುಲಭ. ಮನುಷ್ಯರ ಚರ್ಮ ಹೆಚ್ಚುಕಡಿಮೆ ಕಿತ್ತಳೆ ಬಣ್ಣದ ಪಟ್ಟಿಯಲ್ಲಿ ಬರುತ್ತೆ. ಆ ಕಿತ್ತಳೆಯ ಹೊಳಪನ್ನು ಏರಿಸಿದರೆ ಮೈಬಣ್ಣ ತಿಳಿಯಾಗುತ್ತೆ. ಆದರೆ ಅದೇ ಪಟ್ಟಿಯಲ್ಲಿ ಮೆಹೆಂದಿ ಇದೆ, ಚಿನ್ನವೂ ಹೆಚ್ಚುಕಡಿಮೆ ಅಲ್ಲೇ ಇದೆ. ಮೆಹೆಂದಿ ಮಾಸುತ್ತೆ, ಅಜ್ಜಿ ಕೊಟ್ಟ ಸರ ಹಿತ್ತಾಳೆ ಥರ ಕಾಣುತ್ತೆ. ಬರೀ ಮುಖಕ್ಕೆ ಮಾಡಿದರೆ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು, ಬಳೆ ತೊಟ್ಟ ಕೈ ಮತ್ತೊಂದು. ಪಕ್ಕದಲ್ಲಿ ನಿಂತ ತಾಯಿಗೂ ಮಗಳಿಗೂ ಹೋಲಿಕೆಯೇ ಇಲ್ಲದಂತಾಗುತ್ತೆ.

ವೀಡಿಯೋ ಬಣ್ಣ ತಿದ್ದುವವರು ವೆಕ್ಟರ್‌ಸ್ಕೋಪ್ ಅನ್ನೋ ಒಂದು ಪಟ ಬಳಸ್ತಾರೆ. ಅದರಲ್ಲಿ ಚರ್ಮಕ್ಕೆ ಅಂತ ಒಂದೇ ಗೆರೆ ಇದೆ. ಕಪ್ಪಗಿರಲಿ, ಬೆಳ್ಳಗಿರಲಿ, ಸಹಜ ಬೆಳಕಲ್ಲಿ ಎಲ್ಲರ ಚರ್ಮವೂ ಆ ಗೆರೆಯ ಹತ್ತಿರಕ್ಕೇ ಬೀಳುತ್ತೆ. ವ್ಯತ್ಯಾಸ ಇರೋದು ಬಹುಪಾಲು ಹೊಳಪಿನಲ್ಲಿ. ಮುಖ ಆ ಗೆರೆಯಿಂದ ಹಸಿರಿಗೋ ನೀಲಿಗೋ ಜಾರಿದ್ದರೆ ಅದು ಬೆಳಕಿನ ದೋಷ, ತಿದ್ದಿ. ಚಿತ್ರ ಇಡಿಯಾಗಿ ಕತ್ತಲಾಗಿದ್ದರೆ ಇಡಿಯಾಗಿ ಬೆಳಗಿಸಿ, ಆಗ ಎಲ್ಲರೂ ಒಟ್ಟಿಗೇ ಬೆಳಗ್ತಾರೆ. ಒಬ್ಬಳನ್ನು ಮಾತ್ರ ಬೆಳ್ಳಗೆ ಮಾಡೋದು ತಿದ್ದುಪಡಿ ಅಲ್ಲ. ಚರ್ಮದ ಬಣ್ಣ ಯಾರ ತಪ್ಪೂ ಅಲ್ಲವಲ್ಲ.

ಈ ಸಮಸ್ಯೆ ಹಳೇದು. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸೋಕೆ ಕೊಡ್ಯಾಕ್‌ನ 'ಶರ್ಲಿ ಕಾರ್ಡ್' ನೋಡ್ತಿದ್ದರು. ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮೈಬಣ್ಣದ ಹೆಂಗಸಿನ ಚಿತ್ರ. ಆ ಮುಖ ಚೆನ್ನಾಗಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಬೇರೆ ಬೇರೆ ಮೈಬಣ್ಣದವರಿರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ. ಈಗ ಅಳತೆ ನಮ್ಮ ಕೈಯಲ್ಲೇ ಇದೆ. ಬಣ್ಣ ಅಂತಿಮ ಮಾಡೋ ಮುಂಚೆ ಮದುಮಗಳಿಗೇ ತೋರಿಸಿ. ಅವಳು ಒಪ್ಪಿದ್ದು ಉಳಿಯಲಿ.

ಎಲ್ಲಿ ಕತ್ತರಿಸೋದು?

ಬಹುತೇಕ ಕ್ಯಾಮೆರಾಗಳ ಚಿತ್ರ 3:2 ಅನುಪಾತದ್ದು. 4×6, 8×12 ಇಂಚಿನ ಪ್ರಿಂಟ್‌ಗೆ ಹಾಗೇ ಕೂರುತ್ತೆ. 8×10 ಕೇಳಿದರೆ ಉದ್ದದಲ್ಲಿ ಸ್ವಲ್ಪ ಹೋಗುತ್ತೆ. 12×36 ಇಂಚಿನ ಆಲ್ಬಮ್ ಹಾಳೆಗೆ ಒಂದೇ ಚಿತ್ರವನ್ನು ತುಂಬಿಸಿದರೆ ಎತ್ತರದಲ್ಲಿ ಅರ್ಧದಷ್ಟು ಹೋಗುತ್ತೆ! ಕಾಲುಂಗುರ ತೊಡಿಸುವ ಚಿತ್ರ ಅಲ್ಲಿಗೆ ಹಾಕಿದರೆ ಕಾಲೋ ಮುಖವೋ, ಒಂದು ಹೋದ ಹಾಗೇ. ಮಡಿಕೆ ಬರೋ ಜಾಗದಲ್ಲಿ ಮುಖ ಇಡಬೇಡಿ, ಅಂಚಿನಲ್ಲಿ ಟ್ರಿಮ್ಮಿಂಗ್‌ಗೆ ಜಾಗ ಬಿಡಿ.

ದೇಹವನ್ನು ಕೀಲಿನ ಜಾಗದಲ್ಲಿ, ಅಂದರೆ ಮಣಿಕಟ್ಟು, ಮೊಣಕೈ, ಮಂಡಿಯಲ್ಲಿ ಕತ್ತರಿಸಬೇಡಿ. ಕೈ ತುಂಡಾದ ಹಾಗೆ ಕಾಣುತ್ತೆ. ಎದೆ, ಸೊಂಟ, ತೊಡೆಯ ಮಧ್ಯ ಪರವಾಗಿಲ್ಲ. ಬಾಸಿಂಗದ ಮೇಲೆ ಸ್ವಲ್ಪ ಉಸಿರಾಡೋ ಜಾಗ ಇರಲಿ. ಧಾರೆಯ ಚಿತ್ರವನ್ನು ಬರೀ ಎರಡು ಮುಖಕ್ಕೆ ಬಿಗಿ ಮಾಡಿದರೆ ನೀರು ಎರೆಯುವ ಕೈಗಳೇ ಹೋಗುತ್ತವೆ. ಧಾರೆ ಅಂದರೆ ಆ ಕೈಗಳೇ ತಾನೆ?

ಗುಣಮಟ್ಟದ ಲೆಕ್ಕ ಸರಳ. ಒಳ್ಳೇ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಬೇಕು ಅಂತಿಟ್ಟುಕೊಳ್ಳಿ. 8×10ಕ್ಕೆ 2400×3000 ಆಯ್ತು. ಕತ್ತರಿಸಿದ ಮೇಲೆ ಅಷ್ಟು ಉಳಿದಿದೆಯಾ ನೋಡಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದದ್ದನ್ನು ಪ್ರಿಂಟ್‌ಗೆ ಕೊಡಬೇಡಿ, ಅದು ಮೊದಲೇ ಕುಗ್ಗಿರುತ್ತೆ.

ಕೊನೆಯದಾಗಿ, ಅಂಚಿನಲ್ಲಿ ನಿಂತವರ ವಿಷಯ. ಗುಂಪು ಚಿತ್ರದಲ್ಲಿ ದೂರದ ದೊಡ್ಡಪ್ಪ, ಹಿಂದೆ ಸರಿದು ನಿಂತ ಅಜ್ಜಿ ಚೌಕಟ್ಟಿಗೆ ಹೊಂದೋದಿಲ್ಲ ಅಂತ ಕಾಣಬಹುದು. ಆದರೆ ಎಷ್ಟೋ ಮನೆಗಳಲ್ಲಿ ಗಂಧದ ಹಾರ ಹಾಕಿರೋ ಫೋಟೋ ಯಾರದೋ ಮದುವೆಯ ಗುಂಪು ಚಿತ್ರದಿಂದ ತೆಗೆದದ್ದೇ. ಅವರ ಬೇರೆ ಫೋಟೋನೇ ಇರೋದಿಲ್ಲ. ಗೋಡೆಗೆ ಬೇಕಾದ ಹಾಗೆ ಕತ್ತರಿಸಿಕೊಳ್ಳಿ, ಆದರೆ ಮೂಲ ಫೈಲ್‌ಗಳನ್ನು ಫೋಟೋಗ್ರಾಫರ್ ಹತ್ತಿರ ಕೇಳಿ ಪಡೆದು ಎರಡು ಕಡೆ ಇಟ್ಟುಕೊಳ್ಳಿ. ತಿದ್ದಿದ್ದನ್ನು ಯಾವಾಗಲೂ ಬೇರೆ ಹೆಸರಲ್ಲಿ ಸೇವ್ ಮಾಡಿ.

ದೊಡ್ಡ ಪ್ರಿಂಟ್ ಹಾಕಿಸೋ ಮುಂಚೆ 4×6ರ ಒಂದು ಸಣ್ಣ ಪ್ರಿಂಟ್ ತೆಗೆಸಿ, ಹಗಲು ಬೆಳಕಲ್ಲಿ ನೋಡಿ. ಮೊಬೈಲ್ ಪರದೆಯ ಹೊಳಪು ಕಾಗದಕ್ಕೆ ಬರೋದಿಲ್ಲ. ಇವತ್ತಿಗೆ ಇಷ್ಟು.