ಪದರ ಕೂತಿದೆ, ಬೆಸೆದಿಲ್ಲ

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮ ಮಂಡ್ಯ ಸೀಮೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರೂ ‘ಲೇಸರ್ ಆಪರೇಷನ್ ಆಯ್ತು’ ಅನ್ನುತ್ತಾರೆ. ಪೊರೆಯನ್ನು ಪುಡಿಮಾಡುವುದು ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಕಂಪನ. ಇಲ್ಲಿನ ಮಾತು ಕನ್ನಡಕ ಬಿಡಿಸುವ ಲೇಸಿಕ್‌ನದು: ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದ ಬಾಗು ತಿದ್ದುವ ಕೆಲಸ. ವಯಸ್ಸು 18 ದಾಟಿರಬೇಕು, ಪವರ್ ವರ್ಷದಿಂದ ಏರಿಳಿಯದೆ ನಿಂತಿರಬೇಕು, ಗರ್ಭಿಣಿ–ಬಾಣಂತಿಯರು ಕಾಯಬೇಕು.

‘ಪವರ್ ಜಾಸ್ತಿ ಇರೋರಿಗೇ ಅಲ್ವಾ ಲೇಸರು?’ ಎಂದು ಕೇಳುವವರಿಗೆ ಲೆಕ್ಕ ಹಾಕಿ ತೋರಿಸಬೇಕು. ಕಾರ್ನಿಯಾದ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್, ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಮೇಲಿನ 110 ಮೈಕ್ರಾನ್ ಪದರ ಎತ್ತಿ, ಅದರಡಿಯಲ್ಲಿ ಒಂದು ಡಯಾಪ್ಟರ್ ಪವರಿಗೆ ಸುಮಾರು 14 ಮೈಕ್ರಾನಿನಂತೆ ಸವೆಸುತ್ತಾರೆ. ಮೈನಸ್ 5ಕ್ಕೆ 70 ಹೋಗಿ 360 ಉಳಿಯಿತು, ಚಿಂತೆಯಿಲ್ಲ. ಕಾರ್ನಿಯಾ 480, ಪವರ್ ಮೈನಸ್ 9 ಆದರೆ? ಉಳಿಯುವುದು 244. 250ಕ್ಕಿಂತ ಕಡಿಮೆ ಉಳಿಸಬಾರದೆಂಬುದು ವೈದ್ಯರ ಹಳೆಯ ಕಟ್ಟಳೆ. ತೀರಾ ತೆಳುವಾದರೆ ಕಾರ್ನಿಯಾ ಮುಂದಕ್ಕೆ ಉಬ್ಬಬಹುದು. ‘ನಿಮಗೆ ಆಗಲ್ಲ’ ಎಂದ ಡಾಕ್ಟರನ್ನು ಬೈದುಕೊಂಡು ‘ಆಗತ್ತೆ’ ಅನ್ನುವವರನ್ನು ಹುಡುಕಬೇಡಿ. ಅಳತೆಗೆ ಮುಂಚೆ ಮೆದು ಲೆನ್ಸನ್ನು ಒಂದೆರಡು ವಾರ, ಗಡಸು ಲೆನ್ಸನ್ನು ಮೂರ್ನಾಲ್ಕು ವಾರ ಬಿಟ್ಟಿರಬೇಕು. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ; ತಪ್ಪಳತೆಗೆ ಕೆತ್ತಿದ್ದನ್ನು ಮತ್ತೆ ತುಂಬಲಾಗದು. ಆಪರೇಷನ್ ದಿನ ಕಾಡಿಗೆ, ಸೆಂಟು ಬೇಡ.

ಈ ಲೇಸರ್ ಸುಡುವುದಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ. 193 ನ್ಯಾನೋಮೀಟರಿನ ನೇರಳಾತೀತ ಬೆಳಕು ಅಣುಗಳ ಬಂಧ ಬಿಡಿಸಿ, ಮಿಡಿತಕ್ಕೆ ಕಾಲು ಮೈಕ್ರಾನಿನಷ್ಟು ಹಾರಿಸುತ್ತದೆ. 1981ರಲ್ಲಿ, ಮದರಾಸಿನಲ್ಲಿ ಓದಿ ಐಬಿಎಂ ಸೇರಿದ್ದ ರಂಗಸ್ವಾಮಿ ಶ್ರೀನಿವಾಸನ್ ಇದನ್ನು ಪರೀಕ್ಷಿಸಿದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ!

ಈಗ ಜನ ಎಡವುವ ಜಾಗ. ಮದ್ದೂರಿನ ಎಳನೀರಿನವನು ಕಾಯಿಯ ಮುಚ್ಚಳವನ್ನು ಪೂರ್ತಿ ಕೊಚ್ಚದೆ ಒಂದಂಚು ಅಂಟಿಸಿಯೇ ಬಿಡುತ್ತಾನಲ್ಲ, ಕಾರ್ನಿಯಾದ ಪದರವನ್ನೂ ಹಾಗೇ ಎತ್ತಿ, ಕೆಲಸ ಮುಗಿದ ಮೇಲೆ ಮಡಚಿ ಕೂರಿಸುತ್ತಾರೆ. ಹೊಲಿಗೆಯಿಲ್ಲ. ಕಾರ್ನಿಯಾದ ಒಳಮೈ ಜೀವಕೋಶಗಳು ಸತತವಾಗಿ ನೀರು ಹೊರಹಾಕುವುದರಿಂದ ಹುಟ್ಟುವ ಎಳೆತವೇ ಮೊದಲಿಗೆ ಅದನ್ನು ಹಿಡಿದಿಡುವುದು. ಒಂದೆರಡು ದಿನದಲ್ಲಿ ಅಂಚಿನ ಮೇಲ್ಪೊರೆ ಮುಚ್ಚಿಕೊಳ್ಳುತ್ತದೆ, ವಾರಗಳಲ್ಲಿ ಅಂಚು ಬೆಸೆಯುತ್ತದೆ. ನಡುಭಾಗ ಮಾತ್ರ ವರ್ಷಗಳಾದರೂ ಮೊದಲಿನ ಬಿಗಿ ಪಡೆಯದು. ಮರುದಿನವೇ ಮಳವಳ್ಳಿ ಬಸ್ಸಿನ ಬೋರ್ಡು ದೂರದಿಂದ ಕಂಡಾಗ ‘ವಾಸಿಯಾಯ್ತು’ ಅನಿಸುವುದು ಸಹಜ. ಕಾಣುವುದಕ್ಕೂ ಗಾಯ ಕೂಡುವುದಕ್ಕೂ ಸಂಬಂಧವಿಲ್ಲ. ಜೊತೆಗೆ ಪದರ ಎತ್ತುವಾಗ ನರಗಳೂ ತುಂಡಾಗಿರುತ್ತವೆ. ಕೆಲವು ತಿಂಗಳು ಕಣ್ಣು ಒಣಗುತ್ತದೆ, ಕಸ ಬಿದ್ದರೂ ಮೊದಲಿನಷ್ಟು ಚುಚ್ಚುವುದಿಲ್ಲ.

ಆದ್ದರಿಂದ ಕಣ್ಣುಜ್ಜಬೇಡಿ, ಮೊದಲ ವಾರ ರಾತ್ರಿ ಕಣ್ಣುಕವಚ ಹಾಕಿ ಮಲಗಿ. ತಿಂಗಳ ಮಟ್ಟಿಗೆ ಕಬ್ಬಿನ ಗದ್ದೆ, ಆಲೆಮನೆ ಹೊಗೆ, ಒಕ್ಕಣೆಯ ಧೂಳು, ವಿ.ಸಿ. ನಾಲೆಯ ಈಜು, ಮುತ್ತತ್ತಿಯ ಹೊಳೆಸ್ನಾನ ಬೇಡ. ಕಬಡ್ಡಿ ಆಡುವವರು, ಪೊಲೀಸ್ ಕೆಲಸದವರು ಪದರವನ್ನೇ ಎತ್ತದ ಪಿಆರ್‌ಕೆ ಬಗ್ಗೆ ಕೇಳಿ. ಮೂರ್ನಾಲ್ಕು ದಿನ ಉರಿ ಹೆಚ್ಚು, ದೃಷ್ಟಿ ನಿಧಾನ, ಆದರೆ ಪದರ ಜಾರುವ ಭಯವಿಲ್ಲ. ತಟ್ಟನೆ ನೋವು, ಮಂಜು, ಕೆಂಪು ಕಂಡರೆ ಅಂದೇ ತೋರಿಸಿ. ಬೆಂಗಳೂರು ದೂರವಾದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕಾದರೂ ಹೋಗಿ.

ಕನ್ನಡಕ ಹೋದರೂ ಸಮೀಪದೃಷ್ಟಿಯ ಉದ್ದನೆಯ ಕಣ್ಣುಗುಡ್ಡೆ ಹಾಗೇ ಇರುತ್ತದೆ; ವರ್ಷಕ್ಕೊಮ್ಮೆ ಅಕ್ಷಿಪಟ ಪರೀಕ್ಷೆ ತಪ್ಪಿಸಬೇಡಿ. ಆಪರೇಷನ್‌ಗೆ ಮುಂಚಿನ ಕಾರ್ನಿಯಾ ನಕ್ಷೆ, ಅಳತೆಗಳ ಪ್ರತಿಯನ್ನು ಕೇಳಿ ಪಡೆದು, ಕೂತು ಓದಿ. ಮುಂದೆ ಪೊರೆ ಬಂದಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕಕ್ಕೆ ಆ ಹಳೆಯ ಅಂಕಿಗಳು ನೆರವಾಗುತ್ತವೆ. ಜಮೀನಿನ ಪಹಣಿ ಇಡುವ ಫೈಲಿನಲ್ಲೇ ಆ ಪ್ರತಿಯನ್ನೂ ಇಡಿ.