ಮಣಿಕಟ್ಟು ಹೇಳುವ ವಯಸ್ಸು

೨೦೧೬ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ನೆರೆಯ ಗೋವೆಯಲ್ಲಿ ಏಷ್ಯ ಖಂಡದ ಹದಿನಾರು ರಾಷ್ಟ್ರಗಳ ಬಾಲಕರು ಕಾಲ್ಚೆಂಡಿನ ಪಂದ್ಯಗಳಿಗಾಗಿ ನೆರೆದರು. ಹದಿನಾರು ವರ್ಷದೊಳಗಿನವರ ಏಷ್ಯ ಚಾಂಪಿಯನ್‌ಷಿಪ್ ಎಂಬುದು ಆ ಸ್ಪರ್ಧೆಯ ಹೆಸರು. ೧೯೮೫ರಲ್ಲಿ ಕತಾರಿನಲ್ಲಿ ಮೊದಲಾದ ಇದನ್ನು ಈಗ ಹದಿನೇಳು ವರ್ಷದೊಳಗಿನವರ ಏಷ್ಯನ್ ಕಪ್ ಎಂದು ಕರೆಯುತ್ತಾರೆ. ಗೋವೆಯ ಅಂತಿಮ ಪಂದ್ಯದಲ್ಲಿ ಇರಾಕ್ ಮತ್ತು ಇರಾನ್ ತಂಡಗಳು ಒಂದೂ ಗೋಲಿಲ್ಲದೆ ಸರಿಸಮವಾಗಿ ನಿಂತು, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಇರಾಕ್ ಗೆದ್ದಿತು.

ಈ ಸ್ಪರ್ಧೆಗೆ ಸೇರಬೇಕಾದರೆ ಹುಡುಗನು ೨೦೦೦ದ ಜನವರಿ ೧ರಂದಾಗಲಿ ಅನಂತರವಾಗಲಿ ಹುಟ್ಟಿರಬೇಕೆಂಬುದು ನಿಯಮ. ನಿಯಮವೇನೋ ಸರಳವಾಗಿದೆ. ಆದರೆ ಎದುರಿಗೆ ನಿಂತ ಹುಡುಗನ ವಯಸ್ಸು ಇಷ್ಟೇ ಎಂದು ತಿಳಿಯುವುದು ಹೇಗೆ?

ಒಂದೆರಡು ವರ್ಷದ ವ್ಯತ್ಯಾಸಕ್ಕೆ ಇಷ್ಟೇಕೆ ಎಚ್ಚರಿಕೆ ಎಂದು ವಾಚಕರು ಕೇಳಬಹುದು. ಹದಿಮೂರು ಹದಿನಾಲ್ಕರ ಸುಮಾರಿನಲ್ಲಿ ಹುಡುಗರು ವರ್ಷಕ್ಕೆ ಎಂಟು ಹತ್ತು ಸೆಂಟಿಮೀಟರಿನಷ್ಟು ಎತ್ತರ ಬೆಳೆಯುವುದುಂಟು. ಅದರ ಬೆನ್ನಿಗೇ ಸ್ನಾಯುಗಳೂ ಬಲಿಯುತ್ತವೆ. ಹದಿನೈದರ ಹುಡುಗನ ಎದುರಿಗೆ ಹದಿನೆಂಟರವನು ಬಂದರೆ ಆಟ ಮೊದಲಾಗುವ ಮುನ್ನವೇ ಮುಗಿದಂತೆ. ಅಷ್ಟೇ ಅಲ್ಲ, ಹಾಗೆ ನುಸುಳಿ ಬಂದವನೊಬ್ಬನು ತಂಡದಲ್ಲಿ ನಿಂತರೆ, ನಿಜವಾಗಿಯೂ ಹದಿನೈದು ತುಂಬಿದ ಹುಡುಗನೊಬ್ಬನು ಮನೆಯಲ್ಲಿಯೇ ಉಳಿಯಬೇಕಾಗುತ್ತದೆ.

ಜನನ ಪತ್ರವನ್ನು ನೋಡಿದರಾಯಿತು ಎನ್ನುವಂತಿಲ್ಲ. ಏಷ್ಯದ ಅನೇಕ ಕಡೆಗಳಲ್ಲಿ ಹುಟ್ಟನ್ನು ಕೂಡಲೇ ಬರೆಸುವ ವಾಡಿಕೆ ಬಹುಕಾಲ ಇರಲಿಲ್ಲ. ದೂರ ಹೋಗುವುದೇಕೆ? ನಮ್ಮ ನಾಡಿನ ಹಿರಿಯರಲ್ಲಿ ಜೂನ್ ೧ರಂದು ಹುಟ್ಟಿದವರು ಎಷ್ಟು ಮಂದಿ! ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ತಾರೀಖು ಅದು. ಅದರಲ್ಲಿ ಮೋಸವಿರಲಿಲ್ಲ, ಆದರೆ ಸತ್ಯವೂ ಇರಲಿಲ್ಲ. ಕಾಗದವು ಹೀಗೆ ಕೈಕೊಟ್ಟಾಗ ವಿಜ್ಞಾನಿಗಳು ಎಲುಬಿನ ಕಡೆಗೆ ತಿರುಗಿದರು.

ಮುಂಗೈಯಲ್ಲಿ ಎರಡು ಉದ್ದನೆಯ ಎಲುಬುಗಳಿವೆ. ಹೆಬ್ಬೆರಳಿನ ಕಡೆಯದು ಮಣಿಕಟ್ಟಿನ ಬಳಿ ಅಗಲವಾಗಿ ಮುಗಿಯುತ್ತದೆ. ಬೆಳೆಯುವ ಹುಡುಗನಲ್ಲಿ ಈ ಎಲುಬಿನ ತುದಿಗೂ ಕಾಂಡಕ್ಕೂ ನಡುವೆ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಇದಕ್ಕೆ ಬೆಳವಣಿಗೆಯ ಫಲಕವೆಂದು ಹೆಸರು. ಎಲುಬು ಉದ್ದವಾಗುವುದು ಇಲ್ಲಿಯೇ. ಯೌವನ ಬಂದಂತೆ ಹಾರ್ಮೋನುಗಳ ಪ್ರಭಾವದಿಂದ ಫಲಕವು ಕ್ರಮೇಣ ಎಲುಬಾಗಿ ಮಾರ್ಪಡುತ್ತದೆ. ತುದಿಯೂ ಕಾಂಡವೂ ಬೆಸೆದುಕೊಂಡು ಒಂದಾಗುತ್ತವೆ. ಬೆಸುಗೆ ಪೂರ್ತಿಯಾದ ಮೇಲೆ ಆ ಎಲುಬು ಉದ್ದವಾಗಲಾರದು.

ಈ ಬೆಸುಗೆಯನ್ನು ಕ್ಷ-ಕಿರಣಗಳಿಂದ ನೋಡಬಹುದು. ಆದರೆ ರೋಗವಿಲ್ಲದ ಹುಡುಗನ ಮೇಲೆ, ಕೇವಲ ಆಟದ ಸಲುವಾಗಿ, ಅಲ್ಪವಾದರೂ ಅಂಥ ವಿಕಿರಣವನ್ನು ಹಾಯಿಸುವುದು ಉಚಿತವೆ? ಆದ ಕಾರಣ ವಿಜ್ಞಾನಿಗಳು ಕಾಂತೀಯ ಅನುರಣನ ಚಿತ್ರಣವನ್ನು, ಎಂದರೆ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಎಂದು ಕರೆಯುವ ವಿಧಾನವನ್ನು, ಆರಿಸಿಕೊಂಡರು.

ಇದರ ತತ್ತ್ವ ಸ್ವಾರಸ್ಯವಾಗಿದೆ. ದೇಹದಲ್ಲಿ ನೀರೂ ಕೊಬ್ಬೂ ಹೇರಳವಾಗಿವೆಯಷ್ಟೆ. ಎರಡರಲ್ಲಿಯೂ ಜಲಜನಕದ ಪರಮಾಣುಗಳಿವೆ. ಜಲಜನಕದ ನ್ಯೂಕ್ಲಿಯಸ್ ಎಂದರೆ ಒಂದು ಪ್ರೋಟಾನು. ಅದು ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ೧.೫ ಟೆಸ್ಲಾ ಕಾಂತಕ್ಷೇತ್ರದಲ್ಲಿ ಕೈಯನ್ನಿರಿಸಿದೆವೆನ್ನೋಣ. ಇದು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ೩೦,೦೦೦ ಪಟ್ಟು ಪ್ರಬಲವಾದುದು. ಆಗ ಕ್ಷೇತ್ರದ ಕಡೆಗೆ ವಾಲಿದ ಪ್ರೋಟಾನುಗಳು ಎದುರು ದಿಕ್ಕಿನವಕ್ಕಿಂತ ಹತ್ತು ಲಕ್ಷಕ್ಕೆ ಸುಮಾರು ಐದರಷ್ಟು ಮಾತ್ರ ಹೆಚ್ಚಾಗಿರುತ್ತವೆ. ಈ ಅಲ್ಪ ಹೆಚ್ಚಳವೇ ಸಾಕು, ಏಕೆಂದರೆ ಒಂದು ಹನಿ ನೀರಿನಲ್ಲಿರುವ ಪ್ರೋಟಾನುಗಳೇ ಎಣಿಕೆಗೆ ಮೀರಿದವು. ಇವು ತಿರುಗುವ ಬುಗುರಿಯು ತಲೆದೂಗುವಂತೆ ಸೆಕೆಂಡಿಗೆ ಸುಮಾರು ೬ ಕೋಟಿ ೪೦ ಲಕ್ಷ ಸಲ ತೂಗಾಡುತ್ತವೆ.

ತರಗತಿಯಲ್ಲಿ ಅನುರಣನವನ್ನು ವಿವರಿಸುವಾಗ ನಾವು ಉಯ್ಯಾಲೆಯ ಮಾತನ್ನೆತ್ತುತ್ತೇವೆ. ಉಯ್ಯಾಲೆಯ ಲಯಕ್ಕೆ ಸರಿಯಾಗಿ ಮೆಲ್ಲಗೆ ನೂಕಿದರೂ ಅದು ಮೇಲೆ ಮೇಲೆ ಹೋಗುತ್ತದೆ; ಲಯ ತಪ್ಪಿ ಎಷ್ಟು ನೂಕಿದರೂ ವ್ಯರ್ಥ. ಅಂತೆಯೇ ಪ್ರೋಟಾನುಗಳ ಲಯಕ್ಕೆ ಸರಿಹೊಂದುವ ರೇಡಿಯೋ ಅಲೆಗಳನ್ನು ಕಳುಹಿಸಿದರೆ ಅವು ಶಕ್ತಿಯನ್ನು ಹೀರಿಕೊಳ್ಳುತ್ತವೆ. ಅಲೆ ನಿಂತೊಡನೆ ಕ್ಷೀಣವಾದ ರೇಡಿಯೋ ಸಂಕೇತವನ್ನು ಹೊರಗೆ ಬಿಡುತ್ತ ಮೊದಲಿನ ಸ್ಥಿತಿಗೆ ಮರಳುತ್ತವೆ. ಮರಳಲು ಬೇಕಾಗುವ ಕಾಲ ಕೊಬ್ಬಿನಲ್ಲಿ ಒಂದು, ಮೃದ್ವಸ್ಥಿಯಲ್ಲಿ ಇನ್ನೊಂದು. ಈ ವ್ಯತ್ಯಾಸದಿಂದಲೇ ಚಿತ್ರ ಮೂಡುತ್ತದೆ. ಎಲುಬಿನೊಳಗಿನ ಮಜ್ಜೆಯ ಕೊಬ್ಬು ಬೆಳ್ಳಗೆ ಕಾಣುತ್ತದೆ. ಬೆಳವಣಿಗೆಯ ಫಲಕ ಅದರ ನಡುವೆ ಕಪ್ಪು ಪಟ್ಟಿಯಂತೆ ತೋರುತ್ತದೆ. ಪಟ್ಟಿ ಪೂರ್ತಿ ಅಳಿಸಿಹೋಗಿದ್ದರೆ ಬೆಸುಗೆ ಮುಗಿದಿದೆಯೆಂದು ಅರ್ಥ. ಅನುರಣನದ ಈ ಸಂಗತಿಯನ್ನು ೧೯೪೬ರಲ್ಲಿ ತೋರಿಸಿಕೊಟ್ಟ ಬ್ಲಾಕ್ ಮತ್ತು ಪರ್ಸೆಲ್ ಅವರಿಗೆ ೧೯೫೨ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಅದರಿಂದ ಚಿತ್ರ ತೆಗೆಯುವ ದಾರಿಯನ್ನು ಕಂಡುಕೊಂಡ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರು ೨೦೦೩ರಲ್ಲಿ ವೈದ್ಯವಿಜ್ಞಾನದ ಪಾರಿತೋಷಕವನ್ನು ಪಡೆದರು.

೨೦೦೭ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಸ್ವಿಟ್ಜರ್ಲೆಂಡ್, ಮಲೇಷ್ಯ, ಆಲ್ಜೀರಿಯ ಮತ್ತು ಅರ್ಜೆಂಟೀನಗಳ ೧೪ರಿಂದ ೧೯ ವರ್ಷದ ೪೯೬ ಹುಡುಗರ ಮಣಿಕಟ್ಟುಗಳನ್ನು ಹೀಗೆ ಪರೀಕ್ಷಿಸಿದರು. ಬೆಸುಗೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು. ಹದಿನೇಳು ತುಂಬದವರಲ್ಲಿ ಆರನೆಯ ಮೆಟ್ಟಿಲನ್ನು, ಎಂದರೆ ಪೂರ್ಣ ಬೆಸುಗೆಯನ್ನು, ಮುಟ್ಟಿದವರು ನೂರಕ್ಕೆ ಒಬ್ಬನಿಗಿಂತಲೂ ಕಡಮೆ. ಈ ಆಧಾರದ ಮೇಲೆ ೨೦೦೯ರಲ್ಲಿ ನೈಜೀರಿಯದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವ ಸ್ಪರ್ಧೆಯಲ್ಲಿ ಈ ಪರೀಕ್ಷೆ ಜಾರಿಗೆ ಬಂದಿತು. ಏಷ್ಯದ ಸ್ಪರ್ಧೆಯಲ್ಲಿಯೂ ಅದು ನೆಲೆಗೊಂಡಿದೆ.

ಇನ್ನು ನಮ್ಮ ವಿದ್ಯಾರ್ಥಿಗಳು ಪೆನ್ಸಿಲನ್ನು ಕೈಗೆತ್ತಿಕೊಳ್ಳಲಿ. ಹದಿನಾರು ತಂಡ, ತಂಡಕ್ಕೆ ೨೩ ಹುಡುಗರು ಎಂದಿಟ್ಟುಕೊಂಡರೆ ಒಟ್ಟು ೩೬೮ ಮಂದಿಯಾದರು. ಎಲ್ಲರೂ ಸತ್ಯವಂತರು, ಯಾರೂ ವಯಸ್ಸನ್ನು ಮರೆಮಾಚಿಲ್ಲವೆಂದು ಭಾವಿಸೋಣ. ನೂರಕ್ಕೆ ಒಬ್ಬನ ಫಲಕ ಬೇಗ ಬೆಸೆದಿದ್ದರೂ ಮೂವರೋ ನಾಲ್ವರೋ ಹೊರಬೀಳುತ್ತಾರೆ. ಗಮನಿಸಿ: ಇಂಥ ಸ್ಪರ್ಧೆಯಲ್ಲಿ ಹೊರಬಿದ್ದ ಪ್ರತಿಯೊಬ್ಬನೂ ನಿರಪರಾಧಿ! ಮೋಸಗಾರರು ಬಹುಮಂದಿಯಿದ್ದಾಗ ಮಾತ್ರ ಹೊರಬಿದ್ದವರಲ್ಲಿ ಹೆಚ್ಚಿನವರು ನಿಜವಾಗಿ ವಯಸ್ಸು ಮೀರಿದವರಾಗಿರುತ್ತಾರೆ. ಎಂದ ಮೇಲೆ ಒಂದೇ ಚಿತ್ರದ ಅರ್ಥ ಸುತ್ತಲಿನ ಸನ್ನಿವೇಶದಂತೆ ಬದಲಾಗುತ್ತದೆ. ಎದುರು ಬದಿಯನ್ನೂ ನೋಡಬೇಕು. ಹದಿನೇಳನ್ನು ಈಗತಾನೆ ದಾಟಿದ ಹಲವರ ಫಲಕ ಇನ್ನೂ ತೆರೆದೇ ಇರುತ್ತದೆ. ಅಂಥವರು ಪರೀಕ್ಷೆಯಲ್ಲಿ ಸಲೀಸಾಗಿ ಪಾರಾಗುತ್ತಾರೆ.

ಹಾಗಾದರೆ ಪರೀಕ್ಷೆ ನಿಷ್ಪ್ರಯೋಜಕವೆ? ಅಲ್ಲ. ಬಹಳ ದೊಡ್ಡವರು ಚಿಕ್ಕವರ ನಡುವೆ ನುಗ್ಗುವುದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ, ಅದೂ ಮೈಗೆ ಕ್ಷ-ಕಿರಣ ತಾಕಿಸದೆ. ಆದರೆ ಅದು ಅಳೆಯುವುದು ಎಲುಬಿನ ಪಕ್ವತೆಯನ್ನು, ಹುಟ್ಟಿದ ದಿನವನ್ನಲ್ಲ. ಬೇಗ ಬಲಿತ ಎಲುಬಿನ ಹುಡುಗನನ್ನು ಆಟದಿಂದ ಹೊರಗಿಡುವ ನಿಯಮವನ್ನು ಮಾಡಬಹುದು. ಅವನನ್ನು ಸುಳ್ಳುಗಾರನೆಂದು ಕರೆಯುವ ಅಧಿಕಾರವನ್ನು ಆ ಚಿತ್ರ ಯಾರಿಗೂ ಕೊಡುವುದಿಲ್ಲ.

ಹುಟ್ಟಿದ ದಿನವನ್ನು ತಪ್ಪಿಲ್ಲದೆ ಹೇಳಬಲ್ಲ ಸಾಧನ ಒಂದೇ. ಅದಕ್ಕೆ ಕಾಂತವೂ ಬೇಡ, ರೇಡಿಯೋ ಅಲೆಯೂ ಬೇಡ. ನಮ್ಮ ದೇಶದಲ್ಲಿ ೧೯೬೯ರಲ್ಲಿಯೇ ಜನನ ಮರಣಗಳ ನೋಂದಣಿಯ ಕಾನೂನು ಬಂದಿದೆ. ಮಗು ಹುಟ್ಟಿದ ೨೧ ದಿನಗಳೊಳಗೆ ಬರೆಸಿದ ಒಂದು ಸಾಲು, ಹದಿನಾರು ವರ್ಷಗಳ ಅನಂತರ ತೆಗೆಯುವ ಯಾವ ಚಿತ್ರಕ್ಕಿಂತಲೂ ನಿಖರವಾದುದು.